ಕವಿತೆ, ಹಾಸ್ಯ, ಹಾಡು: ಒಂದೇ ವೇದಿಕೆಯಲ್ಲಿ

ಕವಿತೆ, ಹಾಸ್ಯ, ಹಾಡು ಮೂರೂ ಇರುವ ಸಂಜೆಯ ಹಣೆಬರಹ ಅರ್ಧ ನಿರ್ಧಾರವಾಗುವುದು ಸರದಿಯಲ್ಲೇ. ಹಾಸ್ಯದ ಬೆನ್ನಿಗೇ ಕವಿತೆ ಬೇಡ. ನಕ್ಕು ಕೂತ ಜನ ಪ್ರತಿ ಸಾಲಿನ ಕೊನೆಗೂ ಪಂಚ್ ಕಾಯುತ್ತಾರೆ, ಕವಿಯ ಮೌನ ಅವರಿಗೆ ಮರೆವಿನಂತೆ ಕಾಣುತ್ತದೆ. ಮೊದಲು ಕವಿತೆ, ಆಮೇಲೆ ಹಾಸ್ಯ, ಕೊನೆಗೆ ಬ್ಯಾಂಡ್. ಕವಿಗೆ 8 ನಿಮಿಷ, ಹಾಸ್ಯಗಾರರಿಗೆ 10, ಬ್ಯಾಂಡಿಗೆ 30 ಸಾಕು. ಸಮಯ ಮುಗಿಯಲು 1 ನಿಮಿಷ ಇರುವಾಗ ಹಾಲಿನ ಹಿಂಬದಿಯಿಂದ ಪುಟ್ಟ ದೀಪ ತೋರಿಸಿ.

ಸೌಂಡ್ ಚೆಕ್, ಅಂದರೆ ಕಾರ್ಯಕ್ರಮಕ್ಕೆ ಮುಂಚಿನ ದನಿ ಪರೀಕ್ಷೆ, ಮಾತ್ರ ಉಲ್ಟಾ: ಕೊನೆಯಲ್ಲಿ ಬರುವ ಬ್ಯಾಂಡ್ ಮೊದಲು. ಡ್ರಮ್ಸ್ ಅಲ್ಲೇ ಹಿಂದೆ ಇರಲಿ, ಮುಂದೆ ಒಂದು ಮೈಕ್ ಉಳಿದರೆ ಆಯಿತು.

ಮೈಕ್ ಬಾಯಿಂದ ನಾಲ್ಕೈದು ಬೆರಳು ದೂರ, ತುಸು ಓರೆಯಾಗಿರಲಿ. ತೀರಾ ಹತ್ತಿರವಾದರೆ ದನಿ ಗುಮ್ಮೆನ್ನುತ್ತದೆ, ‘ಪ’, ‘ಬ’ಗಳು ಸಿಡಿಯುತ್ತವೆ. ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವುದು ದೊಡ್ಡ ತಪ್ಪು. ಹಿಂದಿನ ರಂಧ್ರಗಳು ಮುಚ್ಚಿದೊಡನೆ ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಂಡು ಕೀಚ್ ಎನ್ನುತ್ತದೆ. ಸ್ಪೀಕರ್‌ಗಳು ಮೈಕಿಗಿಂತ ಮುಂದಿರಬೇಕು.

ಎಷ್ಟೋ ಕಡೆ ಸೌಂಡ್ ಚೆಕ್ಕಿನಲ್ಲಿ ಗಾಯಕರಿಗೆ ಹಾಕಿದ ರಿವರ್ಬ್ (ದನಿಗೆ ಸೇರಿಸುವ ಅನುರಣನ) ಹಾಗೇ ಉಳಿದು ಮಾತೆಲ್ಲ ಕಲಸಿಹೋಗುತ್ತದೆ. ಬರಿ ಮಾತಿಗೆ ಅದನ್ನು ಪೂರ್ತಿ ಇಳಿಸಿ.

ಕುರ್ಚಿ ಕಡಿಮೆಯೇ ಹಾಕಿ, ಹತ್ತಿರ ಹತ್ತಿರ ಹಾಕಿ. ಮುಂದಿನ ಸಾಲು ಖಾಲಿಯಿದ್ದರೆ ನಗು ಹರಡುವುದಿಲ್ಲ. ಕವಿತೆ ನಡೆಯುವಾಗ ಬಾರಿನ ಬ್ಲೆಂಡರ್ ನಿಲ್ಲಲಿ, ಇದನ್ನು ಸಿಬ್ಬಂದಿಗೆ ಮೊದಲೇ ಹೇಳಿಬಿಡಿ.