ಅತ್ತೆಗೂ ಗೌರಮ್ಮನಿಗೂ ತವರಿನದೇ ಚಿಂತೆ

ಭಾದ್ರಪದ ಶುದ್ಧ ತದಿಗೆಗೆ ಗೌರಮ್ಮ ತವರಿಗೆ ಬರುತ್ತಾಳೆ. ಮರುದಿನ ಚೌತಿಗೆ ಮಗ ಗಣಪ ಕರೆದುಕೊಂಡು ಹೋಗಲು ಬರುತ್ತಾನೆ. ಗೊತ್ತಿಲ್ಲದವರು ಯಾರಿದ್ದಾರೆ? ಆದರೆ ಕೈಲಾಸದಲ್ಲಿರುವವಳಿಗೂ ತವರಿನ ಹಂಬಲ ಬಿಡಲಿಲ್ಲ ಅನ್ನುವುದು ನನಗೆ ನಿಜವಾಗಿ ತಟ್ಟಿದ್ದು ನಮ್ಮ ಅತ್ತೆಗೆ ಅಲ್ಝೈಮರ್ ಬಂದ ಮೇಲೆ.

ಅತ್ತೆಯ ತವರು ಅರಸೀಕೆರೆ ಕಡೆ. ಅಲ್ಲಿನ ಮಾಡಾಳು ಊರಿನ ಗೌರಮ್ಮ ಅಂದರೆ ಪ್ರಾಣ. ಸಂಜೆ ಆಯಿತೆಂದರೆ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಅತ್ತಿಗೆ, ಅಣ್ಣ ಗಾಡಿ ಕಟ್ಟಿದ್ನಾ?" ಸೊಸೆಯನ್ನು ಅತ್ತಿಗೆ ಮಾಡಿಕೊಂಡಿದ್ದರು. ಆ ಅಣ್ಣ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಈ ಕಾಯಿಲೆ ಮೊದಮೊದಲು ಕೈಹಾಕುವುದೇ ಮಿದುಳಿನ ಹಿಪೊಕ್ಯಾಂಪಸ್‌ಗೆ, ಹೊಸ ನೆನಪು ಕೂಡಿಡುವ ಜಾಗಕ್ಕೆ. ಬೆಳಿಗ್ಗೆ ತಿಂದ ತಿಂಡಿ ಮರೆತುಹೋಗುತ್ತದೆ, ಲಂಗ ಉಟ್ಟು ಓಡಾಡಿದ ಅಂಗಳ ಉಳಿದಿರುತ್ತದೆ. ಸಂಜೆಯ ತಳಮಳ, "ಮನೆಗೆ ಹೋಗ್ಬೇಕು" ಅನ್ನುವ ಹಟ ಈ ಕಾಯಿಲೆಯವರಲ್ಲಿ ಸುಮಾರು ಜನಕ್ಕೆ ಇರುತ್ತದೆ.

ಮಕ್ಕಳ ಹೆಸರು ಮರೆತರು, ಗೆಜ್ಜೆವಸ್ತ್ರ ಮರೆಯಲಿಲ್ಲ. ಹತ್ತಿ ಬಿಡಿಸಿ ಮುಂದಿಟ್ಟರೆ ಸಾಕು. ಬೆರಳಿಗೆ ಚೂರು ಹಾಲು ಸೋಕಿಸಿಕೊಂಡು ಎಳೆ ತೆಗೆದು, ಹೊಸೆದು, ಒಂದೊಂದೇ ಗೆಜ್ಜೆ ಮೂಡಿಸುತ್ತಿದ್ದರು. ಹೊಸೆದ ಕಡೆಯೆಲ್ಲ ಕುಂಕುಮದ ಬೊಟ್ಟು. ಎಲ್ಲೂ ಗಂಟಾಗದು, ಹರಿಯದು. ಗೌರಿಗೆ ಹದಿನಾರು ಎಳೆ ಬೇಕಲ್ವಾ, ಅವರಿಗೆ ಎಣಿಕೆ ತಪ್ಪುತ್ತಿತ್ತು. ನಾನು ಎಣಿಸುತ್ತಿದ್ದೆ, ಅವರು ಹೊಸೆಯುತ್ತಿದ್ದರು. ಅಷ್ಟು ಹೊತ್ತೂ ಬಾಗಿಲ ಕಡೆ ನೋಡುತ್ತಿರಲಿಲ್ಲ. ಕೈಗೆ ರೂಢಿಯಾದ ಕೆಲಸ ಮಿದುಳಿನ ಬೇರೆ ಭಾಗದಲ್ಲಿ ಇರುತ್ತದೆ, ಬೇಗ ಅಳಿಯುವುದಿಲ್ಲ ಅಂದರು ಡಾಕ್ಟರು. ಗೌರಮ್ಮ ಆ ಬೆರಳುಗಳನ್ನು ಕಾಯುತ್ತಿದ್ದಾಳೆ ಅಂದುಕೊಂಡೆ ನಾನು. ಎರಡಕ್ಕೂ ಜಗಳವೇನಿಲ್ಲ ಬಿಡಿ.

ಕೊನೆಯ ವರ್ಷದ ಹಬ್ಬದಲ್ಲಿ ಮಾವನವರ ಪಕ್ಕ ಕೂರಿಸಿ, ಮೊರದ ಬಾಗಿನ ಅವರಿಗೇ ಕೊಟ್ಟೆ. ಸೆರಗೊಡ್ಡಿ ತೆಗೆದುಕೊಂಡರು. ಬಿಚ್ಚೋಲೆ, ಕರಿಮಣಿ ಮುಟ್ಟಿ ನೋಡಿ, "ಅಣ್ಣ ಕಳಿಸಿದ್ನಾ?" ಅಂದರು. "ಹೂಂ, ತವರಿಂದ ಬಂತು" ಅಂದೆ. ಸಂಜೆ ಬಾಗಿಲಿಗೆ ಹೋಗಲಿಲ್ಲ. ಮರುದಿನ ಮಾತ್ರ ಗಣಪನ ಕಡಬು ತಿಂದವರೇ ಮತ್ತೆ ಗಾಡಿ ಕೇಳಿದರು.

ಈಗ ಗೆಜ್ಜೆವಸ್ತ್ರ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಮೊರ ಪ್ಲಾಸ್ಟಿಕ್ಕಿನದು. ಸುಮ್ನೆ ಬೈಯುವುದಿಲ್ಲ, ಯಾರಿಗೂ ಪುರುಸೊತ್ತಿಲ್ಲ. ನನ್ನ ಬೇಜಾರು ಬೇರೆ. "ಅರವತ್ತಕ್ಕೆ ಅರಳು ಮರಳು" ಅಂದು ಹಿರಿಯರನ್ನು ಒಳಕೋಣೆಗೆ ಸೇರಿಸುತ್ತೇವೆ, ಹಬ್ಬದ ದಿನ ನೆಂಟರ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳುತ್ತೇವೆ. ಆಮೇಲೆ ಪಿತೃಪಕ್ಷದಲ್ಲಿ ವಡೆ ಪಾಯಸದ ಎಡೆ! 2025ರಲ್ಲಿ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21ಕ್ಕೆ ಬಿತ್ತು. ವಿಶ್ವ ಅಲ್ಝೈಮರ್ ದಿನವೂ ಅದೇ. ಎಡೆ ಇಡುವಾಗ ಇದನ್ನು ಹೇಳಿದೆ, ನಮ್ಮ ಮನೆಯಲ್ಲೇ ಇಬ್ಬರು ಮಾತು ತಿರುಗಿಸಿದರು.

ಮುಂದಿನ ಗೌರಿಗೆ ಎಳೆ ಹೊಸೆಯಲು ನಾದಿನಿಯ ಮಗಳು ಬರುತ್ತೇನೆ ಅಂದಿದ್ದಾಳೆ. ಬರಲಿ. ಹತ್ತಿ ಬಿಡಿಸುವುದರಿಂದಲೇ ಶುರು ಮಾಡಿಸಬೇಕು.