ನಮ್ಮ ಹಿಸ್ಟರಿ ಸರ್ ಮತ್ತ ಆ ಶನಿವಾರದ ಗಂಟಿ

ಹೋದ ತಿಂಗಳು ಒಂದಿನ ರಾತ್ರಿ ಹತ್ತೂವರೆಗೆ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನ್ಯಾಗ ಮೆಸೇಜ್ ಬಂತು, ಹಿಸ್ಟರಿ ಸರ್ ಹೋದ್ರು ಅಂತ. ಅಷ್ಟೇ. ಹೆಸರು ಬರೆದಿದ್ದಿಲ್ಲ, ಬೇಕೂ ಆಗಿದ್ದಿಲ್ಲ. 1986ರಿಂದ 89ರ ತನಕ ಈ ಕಾಲೇಜಿನ್ಯಾಗ ಬಿಎ ಓದಿದವ್ರಿಗೆ ಹಿಸ್ಟರಿ ಸರ್ ಅಂದ್ರ ಅವ್ರೊಬ್ಬರೇ. ಆಗಿನ್ನೂ ನಮ್ಮೂರು ಗುಲಬರ್ಗಾ, ಯೂನಿವರ್ಸಿಟಿ ಶುರುವಾಗಿ ಆರೇ ವರ್ಷ, ಡಿಗ್ರಿ ಸರ್ಟಿಫಿಕೇಟ್ ಮ್ಯಾಲ ಧಾರವಾಡದ ಬದಲಿ ನಮ್ಮೂರ ಹೆಸರು ಬರ್ತದ ಅಂತ ಸೀನಿಯರ್ಸ್ ಭಾಳ ಹೆಮ್ಮಿಯಿಂದ ಹೇಳ್ತಿದ್ರು.

ಮೂರು ವರ್ಷ ಏನು ಓದಿದ್ವಿ ಅಂತ ಕೇಳಿದ್ರ ಪೂರಾ ನೆನಪಿಲ್ಲ. ಸರ್ ಮಾತ್ರ ಕಣ್ಣಿಗೆ ಕಟ್ಟಿದಂಗ ಅದಾರ. ಕ್ಲಾಸಿಗೆ ಪುಸ್ತಕ ತರ್ತಿದ್ದಿಲ್ಲ, ಅಂಗಿ ಕಿಸೆದಾಗ ಒಂದು ಚಾಕ್ ತುಂಡು ಅಷ್ಟೇ. ಬಹಮನಿ ಪಾಠ ಬಂದಾಗ ನೋಟ್ಸ್ ಹೇಳ್ಲಿಲ್ಲ, ಎಲ್ರನ್ನೂ ನಡೆಸ್ಕೊಂಡು ಕ್ವಾಟಿಗೆ ಕರ್ಕೊಂಡು ಹೋದ್ರು, ಮಾರ್ಚ್ ತಿಂಗಳ ಉರಿಬಿಸಿಲಿನ್ಯಾಗ ಹತ್ತು ನಿಮಿಷ ಬಯಲಿಗೆ ನಿಲ್ಲಿಸಿ ಆಮ್ಯಾಲ 1367ರ ಜಾಮಿಯಾ ಮಸೀದಿ ಒಳಗ ಕರೆದ್ರು. ಒಳಗ ತಂಪಂದ್ರ ತಂಪು. "ಬ್ಯಾರೆ ಕಡಿ ಮಸೀದಿಗೆ ತೆರೆದ ಅಂಗಳ ಇರ್ತದ, ಇಲ್ಲಿ ಅಂಗಳಾನೇ ಇಲ್ಲ, ಪೂರಾ ಛತ್ತು. ಯಾಕಿರಬಹುದು, ನಿಮ್ಮ ನೆತ್ತಿ ಮುಟ್ಟಿ ನೋಡಿ ಹೇಳ್ರಿ" ಅಂದ್ರು. ಉತ್ತರ ಹಿಂಗೇ ಅಂತ ಅವ್ರೂ ಹೇಳ್ಲಿಲ್ಲ, ಆದರ ಪ್ರಶ್ನೆ ಇನ್ನಾ ತಲಿಯೊಳಗ ಅದ.

ಈಗ ಗಂಟಿ ವಿಷಯ. ನಮ್ಮ ಕಾಲೇಜಿನ ಮುಂದಿನ ಬೇವಿನ ಗಿಡಕ್ಕ ಒಂದು ರೈಲ್ ಹಳಿ ತುಂಡು ತೂಗು ಹಾಕಿದ್ರು, ಅದೇ ಗಂಟಿ, ಅದನ್ನ ಹೊಡೆಯೋರು ಸಿಪಾಯಿ ಚಾಚಾ. 1987ರ ಅಕ್ಟೋಬರ್ 31, ಶನಿವಾರ. ಮರುದಿನ ರಾಜ್ಯೋತ್ಸವ, ಮಧ್ಯಾಹ್ನ ಹಾಡಿನ ಪ್ರಾಕ್ಟೀಸ್ ಇತ್ತು. ಅದೇ ದಿನ ನಾಗಪುರದಾಗ ವರ್ಲ್ಡ್ ಕಪ್ ಮ್ಯಾಚ್, ನ್ಯೂಜಿಲೆಂಡ್ ಮ್ಯಾಲ. ಹಿಂದಿನ ಬೆಂಚಿನ್ಯಾಗ ಟ್ರಾನ್ಸಿಸ್ಟರ್ ಇಟ್ಕೊಂಡು ಕೇಳ್ಲತ್ತಿದ್ವಿ, ಚೇತನ್ ಶರ್ಮಾ ಹ್ಯಾಟ್ರಿಕ್ ತಗೊಂಡ, ಮೂರಕ್ಕ ಮೂರೂ ಬೌಲ್ಡ್, ವರ್ಲ್ಡ್ ಕಪ್ಪಿನ ಮೊದಲ ಹ್ಯಾಟ್ರಿಕ್, ಇನ್ನು ನಮ್ಮವ್ರ ಬ್ಯಾಟಿಂಗ್ ಟಿವಿಯೊಳಗ ನೋಡ್ಲಿಲ್ಲ ಅಂದ್ರ ಬದುಕಿ ಏನು ಅನ್ನಂಗ ಆಗಿಬಿಡ್ತು. ಚಾಚಾ ಊಟಕ್ಕ ಕೂತಿದ್ರು. ನಾ ಹೋಗಿ ಸುತ್ತಿಗಿ ತಗೊಂಡು ಉದ್ದ ಗಂಟಿ ಹೊಡೆದುಬಿಟ್ಟೆ. ಎರಡೇ ನಿಮಿಷದಾಗ ಇಡೀ ಕಾಲೇಜು ಖಾಲಿ, ಪ್ರಾಕ್ಟೀಸಿಗೆ ಬಂದ ಹುಡುಗಿಯರೂ ಮನಿಗೆ ಹೋದ್ರು. ನಾವು ಸೂಪರ್ ಮಾರ್ಕೆಟ್ ಕಡಿ ಓಡಿದ್ವಿ, ಒಂದು ಟಿವಿ ಅಂಗಡಿ ಮುಂದ ನಿಂತು ಗಾವಸ್ಕರ್ ನಾಟೌಟ್ 103 ಹೊಡೆದಿದ್ದು ಕಣ್ಣಾರೆ ನೋಡಿದ್ವಿ. ಒನ್‌ಡೇದಾಗ ಅವರದು ಅದೊಂದೇ ಸೆಂಚುರಿ.

ಸೋಮವಾರ ಬಂದು ನೋಡಿದ್ರ, ಚಾಚಾ ಜಲ್ದಿ ಮನಿಗೆ ಹೋಗ್ಲಿಕ್ಕ ಗಂಟಿ ಹೊಡೆದಾರ ಅಂತ ಅವ್ರ ಒಂದಿನದ ಪಗಾರ ಕಡಿತ ಮಾಡೋ ಮಾತು ನಡೆದಿತ್ತು. ನನ್ನ ಕೈಕಾಲು ತಣ್ಣಗಾದವು. ಹಿಸ್ಟರಿ ಸರ್ ಅವತ್ತು ಕ್ಲಾಸಿಗೆ ಬಂದವ್ರೇ ಹಾಜರಿ ಕರೀಲಿಲ್ಲ. "ಚಾಚಾ ಉದ್ದ ಗಂಟಿ ಹೊಡೆಯೋ ಮುಂದ ಮೊದಲ ಮೂರು ಸಲ ಬಿಟ್ಟು ಬಿಟ್ಟು ಹೊಡೀತಾರ, ಆಮ್ಯಾಲ ಒಂದೇ ಸವನ. ಹನ್ನೊಂದು ವರ್ಷದಿಂದ ಕೇಳ್ಲತ್ತೀನಿ. ಶನಿವಾರದ ಗಂಟಿ ಮೊದಲಿಂದಾನೇ ಓಡ್ಲತ್ತಿತ್ತು. ಅದು ಅವ್ರ ಕೈ ಅಲ್ಲ, ಎಲ್ಲಿಗೋ ಹೋಗೋ ಅವಸರ ಇದ್ದವನ ಕೈ. ನಾ ಪ್ರಿನ್ಸಿಪಾಲರಿಗೆ ಇದನ್ನೇ ಹೇಳಿ ಬಂದೀನಿ" ಅಂದ್ರು, ಅಂದು ಸೀದಾ ಪಾಠಕ್ಕ ಹೋದ್ರು. ಯಾರು ಅಂತ ಕೇಳ್ಲೇ ಇಲ್ಲ. ಸಂಜಿಗೆ ನಾನೇ ಹೋಗಿ ಸರ್ ಅದು ನಾನ್ರಿ ಅಂದೆ. "ನನಗ ಹೇಳಿ ಏನ್ ಮಾಡ್ತೀ, ಅವ್ರಿಗೆ ಹೋಗಿ ಹೇಳು" ಅಂದ್ರು. ಹೋದೆ. ಚಾಚಾ ಎಲ್ಲಾ ಕೇಳಿ ಸುಮ್ಮನ ಒಂದು ಕಪ್ ಚಾ ಹಾಕಿ ಕೊಟ್ರು, ಆಮ್ಯಾಲ "ಅದಿರ್ಲಿ ಬೇಟಾ, ಗಾವಸ್ಕರ್ ನೂರು ಹೊಡೆದಿದ್ದು ಖರೆ ಏನು?" ಅಂತ ಕೇಳಿದ್ರು.

ಕಂದಾಯ ಇಲಾಖೆದಾಗ ಮೂವತ್ತು ವರ್ಷದ ಮ್ಯಾಲಾತು, ಯಾವ ಕಡತ ಬಂದ್ರೂ ಮೊದಲ ನಾ ನೋಡೋದು ಇದು ಯಾರ ಕೈ ಅಂತ. ಒಮ್ಮೆ ಹಳೇ ಪಹಣಿಯೊಳಗ ತಿದ್ದಿದ ಒಂದೇ ಒಂದು ಅಂಕಿ ಹಿಡಿದು ಒಬ್ಬ ವಿಧವಾ ಹೆಣ್ಣುಮಗಳ ನಾಲ್ಕು ಎಕರೆ ಉಳಿಸೀನಿ. ಆಫೀಸಿನ್ಯಾಗ ಯಾರಿಗೂ ಅದು ಕಂಡಿದ್ದಿಲ್ಲ. ಈ ಮಾತು ಇಲ್ಲಿ ಬರೀಲಿಕ್ಕ ನನಗ ಸಂಕೋಚ ಇಲ್ಲ, ಯಾಕಂದ್ರ ಅದು ಸರ್ ಕಲಿಸಿದ ಕಣ್ಣು.

ಈಗಿನ ಮಕ್ಕಳ ಬಗ್ಗೆ ಹೊಟ್ಟಿಯೊಳಗ ಸಂಕಟ ಆಗ್ತದ್ರಿ. ನಮ್ಮ ತಮ್ಮನ ಇಬ್ಬರು ಮಕ್ಕಳು ಡಿಗ್ರಿ, 2021ಕ್ಕ ಹೊಸ ಶಿಕ್ಷಣ ನೀತಿ ನಾಲ್ಕು ವರ್ಷ ಅಂದ್ರು, 2024ಕ್ಕ ವಾಪಸ್ ಮೂರೇ ವರ್ಷ ಅಂದ್ರು, ಒಂದೇ ಮನ್ಯಾಗ ಅಕ್ಕಗೊಂದು ಸಿಲಬಸ್ ತಮ್ಮಗೊಂದು ಸಿಲಬಸ್. ಪಾಠ ಮಾಡೋ ಗೆಸ್ಟ್ ಲೆಕ್ಚರರ್ ಮುಂಜಾನೆ ಒಂದು ಕಾಲೇಜು ಮಧ್ಯಾಹ್ನ ಇನ್ನೊಂದು ಅಂತ ಓಡ್ಯಾಡ್ತಾರ, ಪಾಪ ಅವ್ರು ಯಾವಾಗ ಮಕ್ಕಳನ್ನ ಕ್ವಾಟಿಗೆ ಕರ್ಕೊಂಡು ಹೋಗ್ಬೇಕು? ಮೊಬೈಲಿಗೆ ಪಿಡಿಎಫ್ ಬರ್ತದ, ಅದೇ ಪಾಠ ಅಂತಾರ.

ನಮಗ ಪಾಠ ಸನ್ನತಿಯೊಳಗ ಆತು. 1986ರಾಗ ಅಲ್ಲಿ ಚಂದ್ರಲಾಂಬಾ ಗುಡಿ ಆವರಣದಾಗಿನ ಕಾಳಿ ಗುಡಿ ಛತ್ತು ಕುಸಿದು ಮೂರ್ತಿ ಒಡೆದಿತ್ತು, ನೋಡಿದ್ರ ಕೆಳಗಿನ ಪೀಠದ ಕಲ್ಲಿನ ಮ್ಯಾಲ ಅಶೋಕನ ಶಾಸನ! ಸರ್‌ಗೆ ಊಟ ಸೇರ್ತಿದ್ದಿಲ್ಲ, ನಿಮಗ ತೋರಿಸಲೇಬೇಕು ಅಂತಿದ್ರು. ತಲಿಗೆ 25 ರೂಪಾಯಿ. ನಮ್ಮಪ್ಪ ದಾಲ್ ಮಿಲ್ಲಿನ್ಯಾಗ ಹಮಾಲಿ ಮಾಡ್ತಿದ್ದ, ನಾ ಮನ್ಯಾಗ ಕೆಲಸ ಅದ, ಬರಂಗಿಲ್ರಿ ಅಂದೆ. ಎರಡು ದಿನ ಬಿಟ್ಟು ಸರ್ ಕರೆದು "ನಿಮ್ಮಪ್ಪ ಬಜಾರದಾಗ ಸಿಕ್ಕಿದ್ರು, ರೊಕ್ಕ ಕೊಟ್ಟಾರ, ಬಾ" ಅಂದ್ರು. ಅಪ್ಪನ ಮ್ಯಾಲ ಎಷ್ಟು ಪ್ರೀತಿ ಉಕ್ಕಿತು ಅಂತೀರಿ. ಕೇಳ್ಲಿಲ್ಲ, ಅಪ್ಪನ ಮುಂದ ರೊಕ್ಕದ ಮಾತು ಎತ್ತೋ ರೂಢಿ ನಮ್ಮಲ್ಲಿ ಇದ್ದಿಲ್ಲ.

ಎಳ್ಳಮಾಸಿ ಆಗಿ ವಾರಕ್ಕ ಹೋದ್ವಿ, ರೈಲಿನ್ಯಾಗ ನಾಲವಾರ ತನಕ, ಅಲ್ಲಿಂದ ಮುಂದ ಟ್ರ್ಯಾಕ್ಟರಿನ್ಯಾಗ. ಭೀಮಾ ನದಿ ದಂಡಿಗೆ ಹಸಿ ಉಸುಕಿನ ಮ್ಯಾಲ ಸರ್ ಕಟ್ಟಿಗಿ ತಗೊಂಡು ಬ್ರಾಹ್ಮಿ ಅಕ್ಷರ ಬರೆದ್ರು. ಠ ಅಂದ್ರ ದುಂಡಗ ಒಂದು ಸೊನ್ನಿ, "ನಮ್ಮ ಕನ್ನಡದ ಠ ನೋಡ್ರಿ, ಎರಡು ಸಾವಿರ ವರ್ಷ ಆದ್ರೂ ದುಂಡಗೇ ಅದ" ಅಂದ್ರು. ನನ್ನ ಕಡಿ ತಿರುಗಿ "ನಿನ್ನ ಹೆಸರು ಭಾಳ ಸುಲಭ, ಮೊದಲ ಅಕ್ಷರ ಕ, ಕೂಡಿಸೋ ಚಿಹ್ನೆ ಹಾಕು" ಅಂದ್ರು. ಅವತ್ತು ಕಲಿತ ಬ್ರಾಹ್ಮಿ ಮರೀಲಿಲ್ಲ ನಾ.

ಹದಿಮೂರನೇ ದಿನಕ್ಕ ಬ್ಯಾಚಿನವ್ರು ಹನ್ನೆರಡು ಮಂದಿ ಸರ್ ಮನಿಗೆ ಹೋಗಿದ್ವಿ. ಸರ್ ಮಗಳು ಒಂದು ಹಳೇ ನೋಟ್‌ಬುಕ್ ತಂದು "ಅಣ್ಣಾ, ಇದು ನಿಮ್ಮ ಸನ್ನತಿ ಟ್ರಿಪ್ಪಿಂದು, ಅಪ್ಪ ತೆಗೆದಿಟ್ಟಿದ್ರು" ಅಂತ ಕೊಟ್ಟಳು. ಕನ್ನಡದಾಗ ಹುಡುಗರ ಹೆಸರು, ಮುಂದ 25, 25 ಅಂತ. ಅದರೊಳಗ ನನ್ನ ಹೆಸರು ಕಾಣ್ಲಿಲ್ಲ. ಹಿಂದಿನ ಪುಟದಾಗ ಆರು ಸಾಲು ಬ್ರಾಹ್ಮಿ, ಸಾಲಿನ ಕಡೀಗೆ ಏನೂ ಅಂಕಿ ಇಲ್ಲ. ಸರ್ ಶಾಸನ ಬರ್ಕೊಂಡಾರ ನೋಡ್ರಿ ಅಂದ ಒಬ್ಬ. ನಾ ಕನ್ನಡಕ ಹಾಕ್ಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಶಾಸನ ಅಲ್ಲ, ಹೆಸರು. ಆಗ ಟ್ರಿಪ್ಪಿಗೆ ಬರಂಗಿಲ್ಲ ಅಂದು ಆಮ್ಯಾಲ ಬಂದ ಹುಡುಗರ ಹೆಸರು, ಬ್ಯಾರೆ ಯಾರೂ ಓದಬಾರದಂಗ ಬರೆದಿದ್ರು. ನಾಲ್ಕನೇ ಸಾಲಿನ ಮೊದಲ ಅಕ್ಷರ ಕೂಡಿಸೋ ಚಿಹ್ನೆ ಇತ್ತು.