"ಔಷಧ ಸಿಕ್ಕಿತೇ?" ಎಂದು ಕೇಳುವವರಿಗೆ

ನಾನು ಕ್ಯಾನ್ಸರ್ ಸಂಶೋಧಕಿ. ಮದುವೆ, ಮುಂಜಿ, ತಿಥಿ, ಎಲ್ಲಿಗೆ ಹೋದರೂ ಇದೇ ಪ್ರಶ್ನೆ: "ಕ್ಯಾನ್ಸರ್‌ಗೆ ಔಷಧ ಸಿಕ್ಕಿತೇ?" ಇಲ್ಲ, ಸಿಕ್ಕಿಲ್ಲ. ಸಿಕ್ಕಿದ ದಿನ ನಾನೇ ಫೋನ್ ಮಾಡಿ ತಿಳಿಸುತ್ತೇನೆ. ಈಗ ಊಟ ಮಾಡಲು ಬಿಡಿ.

ಮೈ ಉರಿಸುವುದು ಆ "ಸಿಕ್ಕಿತೇ" ಎಂಬ ಮಾತು. ದಿಂಬಿನಡಿ ಇಟ್ಟು ಮರೆತ ಬೀಗದ ಕೈ ವಿಚಾರಿಸಿದ ಹಾಗೆ. ಕ್ಯಾನ್ಸರ್ ಒಂದು ಕಾಯಿಲೆಯಲ್ಲ, ನೂರಕ್ಕೂ ಹೆಚ್ಚು ಕಾಯಿಲೆಗಳ ಮನೆತನದ ಹೆಸರು. ಇಷ್ಟು ಹೇಳುವಷ್ಟರಲ್ಲಿ ಎದುರು ಪಂಕ್ತಿಯಿಂದ ಒಬ್ಬರು, "ಔಷಧ ಯಾವಾಗಲೋ ಕಂಡುಹಿಡಿದು ಕಂಪನಿಯವರು ಬಚ್ಚಿಟ್ಟಿದ್ದಾರಂತಲ್ಲ?" ಎನ್ನುತ್ತಾರೆ. ಅಷ್ಟು ದೊಡ್ಡ ಗುಟ್ಟು ನನ್ನ ಬಳಿ ಇದ್ದಿದ್ದರೆ ನನ್ನ ಫೆಲೋಶಿಪ್ ಹಣ ಏಳು ತಿಂಗಳು ತಡವಾಗುತ್ತಿತ್ತೇ ಸ್ವಾಮಿ?

ಲ್ಯಾಬಿನಲ್ಲಿ ನಾನು ಸಾಕುವುದು ಹೀಲಾ ಎಂಬ ಕ್ಯಾನ್ಸರ್ ಕೋಶಗಳನ್ನು. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕಂಠದ ಗೆಡ್ಡೆಯಿಂದ, ಆಕೆಯನ್ನು ಒಂದು ಮಾತೂ ಕೇಳದೆ, ತೆಗೆದವು. ಆಕೆ ಅದೇ ವರ್ಷ ತೀರಿಕೊಂಡರು. ಕೋಶಗಳು ಇಂದಿಗೂ ಹೆಚ್ಚುತ್ತಲೇ ಇವೆ. ಅವು ಬೆಳೆಯುವ ದ್ರವ ಗುಲಾಬಿ ಬಣ್ಣದ್ದು. ಹಳದಿಗೆ ತಿರುಗಿತೆಂದರೆ ಆಹಾರ ಮುಗಿದು ಹುಳಿ ಏರಿದೆ ಎಂದರ್ಥ. ಹಾಗಾಗಿ ಯುಗಾದಿಯ ದಿನವೂ ಹೋಳಿಗೆ ಬಿಟ್ಟು ಲ್ಯಾಬಿಗೆ ಓಡಿದ್ದೇನೆ. ಮನೆಯ ಹಸುವಿಗೆ ಹುಲ್ಲು ಹಾಕಲು ಹೋಗಿದ್ದರೆ ಯಾರೂ ಬೈಯುತ್ತಿರಲಿಲ್ಲ.

ಈ ಕೋಶಗಳೊಳಗೆ ಎಚ್‌ಪಿವಿ ಎಂಬ ವೈರಸ್ಸಿನ ತುಣುಕು ಸೇರಿಕೊಂಡಿದೆ. ಹಾಳಾದ ಕೋಶ ಹೆಚ್ಚದಂತೆ ತಡೆಯುವ ಪಿ53 ಎಂಬ ಕಾವಲುಗಾರ ಪ್ರೋಟೀನ್ ನಮ್ಮಲ್ಲಿದೆ. ವೈರಸ್ಸಿನ ಇ6 ಪ್ರೋಟೀನ್ ಅದನ್ನು ಹಿಡಿದು ಕೋಶದ ಕಸದ ಬುಟ್ಟಿಗೇ ಹಾಕಿಸುತ್ತದೆ. ಈ ವೈರಸ್ ತಗಲಿದ ಹೆಚ್ಚಿನವರಲ್ಲಿ ರೋಗನಿರೋಧಕ ಶಕ್ತಿಯೇ ಒಂದೆರಡು ವರ್ಷಗಳಲ್ಲಿ ಅದನ್ನು ಅಟ್ಟಿಬಿಡುತ್ತದೆ. ಕೆಲವರಲ್ಲಿ ಬೇರೂರಿ, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಕ್ಯಾನ್ಸರ್ ಆಗುತ್ತದೆ. ಹರಾಲ್ಡ್ ತ್ಸೂರ್ ಹೌಸೆನ್ ಎಂಬ ಜರ್ಮನ್ ವಿಜ್ಞಾನಿ 1983ರಲ್ಲಿ ಗರ್ಭಕಂಠದ ಗೆಡ್ಡೆಗಳಲ್ಲಿ ಈ ವೈರಸ್ಸಿನ ಗುರುತು ಹಿಡಿದರು. 2006ರಲ್ಲಿ ಲಸಿಕೆ ಬಂದಿತು, 2008ರಲ್ಲಿ ಅವರಿಗೆ ನೊಬೆಲ್. ಈಗ ಪುಣೆಯಲ್ಲೇ ಸರ್ವಾವ್ಯಾಕ್ ಎಂಬ ನಮ್ಮದೇ ಲಸಿಕೆ ತಯಾರಾಗುತ್ತದೆ.

ಅಂದರೆ ಒಂದು ಕ್ಯಾನ್ಸರನ್ನು ಬರುವ ಮೊದಲೇ ತಡೆಯುವ ಚುಚ್ಚುಮದ್ದು ಇದೆ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕಳೆದ ವರ್ಷ ಒಂದು ಗೃಹಪ್ರವೇಶದಲ್ಲಿ ಪಕ್ಕದ ಎಲೆಗೆ ಕುಳಿತಿದ್ದ ಹಿರಿಯರು, ದೂರದ ನೆಂಟರು, ಮಾಮೂಲಿ ಪ್ರಶ್ನೆ ಎಸೆದರು. ಅವರ ಆಚೆ ಹತ್ತು ವರ್ಷದ ಮೊಮ್ಮಗಳು ಹಪ್ಪಳ ಮುರಿಯುತ್ತಿದ್ದಳು. ನಾನು, "ಔಷಧ ಇರಲಿ ಮಾವ, ಒಂಬತ್ತರಿಂದ ಹದಿನಾಲ್ಕರೊಳಗೆ, ವೈರಸ್ ತಗಲುವ ಮೊದಲೇ, ಇವಳಿಗೆ ಗರ್ಭಕಂಠದ ಕ್ಯಾನ್ಸರಿನ ಲಸಿಕೆ ಹಾಕಿಸಿ" ಎಂದೆ. ವೈರಸ್ ಹೇಗೆ ಹರಡುತ್ತದೆ ಎಂದು ಅವರೇ ಕೇಳಿದರು. ಲೈಂಗಿಕ ಸಂಪರ್ಕದಿಂದ ಎಂದು ಹೇಳಿದೆ. ಇಡೀ ಸಾಲು ಏಕಾಏಕಿ ಸಾರು ಕಲಸುವುದರಲ್ಲಿ ಮಗ್ನವಾಯಿತು. ಮಾವ ಬಡಿಸುವವನನ್ನು ಕರೆದು ನನಗೆ ಬಲವಂತವಾಗಿ ಇನ್ನೊಂದು ಹೋಳಿಗೆ ಹಾಕಿಸಿದರು. ಬಾಯಿ ಮುಚ್ಚಿಸಲು ಹೋಳಿಗೆಯೂ ಆಗುತ್ತದೆ.

ಕೈ ತೊಳೆಯುವಲ್ಲಿ ಅವರ ಸೊಸೆ ಹಿಂದೆಯೇ ಬಂದರು. "ಅಕ್ಕ, ಆ ಇಂಜೆಕ್ಷನ್ ಕೊಡಿಸಿದರೆ ಜ್ವರ ಬರುತ್ತದೆಯೇ?"

ನಾನು ಇ6ನಿಂದ ಆರಂಭಿಸಿದೆ. ಆಕೆ ತಡೆದು, "ಅದೆಲ್ಲ ಬೇಡ, ಜ್ವರ?" ಎಂದರು.

ತೋಳು ಒಂದೆರಡು ದಿನ ನೋಯಬಹುದು, ಕೆಲವರಿಗೆ ಸ್ವಲ್ಪ ಮೈ ಬಿಸಿಯಾಗಬಹುದು ಎಂದೆ.

"ಹಾಗಾದರೆ ಶನಿವಾರ ಡಾಕ್ಟರ ಹತ್ತಿರ ಹೋಗುತ್ತೇನೆ. ಸೋಮವಾರ ಅವಳಿಗೆ ಕನ್ನಡ ಟೆಸ್ಟ್ ಇದೆ."